ಹಳೆ ಟ್ರ್ಯಾಕ್ಟರಿನ ಮಾಡೆಲ್ ಆಮೇಲೆ, ಮೊದಲು ಅದು ಇಳಿದ ಗದ್ದೆ ಯಾವುದು ಕೇಳಿ

“ಒಂದೇ ಕೈ ಗಾಡಿ ಅಣ್ಣಾ. 2017 ಮಾಡೆಲ್. ಬರೇ ಎರೆ ಹೊಲದಾಗ ಓಡೇತಿ, ಕೆಸರು ಕಂಡಿಲ್ಲ.”

ಬಳ್ಳಾರಿಯಲ್ಲಿ ಹಳೆ ಟ್ರ್ಯಾಕ್ಟರ್ ನೋಡಲು ಹೋದವರಲ್ಲಿ ಈ ಮಾತು ಕೇಳದೆ ವಾಪಸ್ ಬಂದವರು ಕಡಿಮೆ. ಮಾತು ನಿಜವಿದ್ದರೆ ಸಂತೋಷ. ಆದರೆ ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಸುತ್ತ ಭತ್ತ ನಾಟಿಯ ಹೊತ್ತಿಗೆ ಅಷ್ಟೊಂದು ಟ್ರ್ಯಾಕ್ಟರುಗಳು ಕೆಸರಿಗೆ ಇಳಿಯುತ್ತವಲ್ಲ, ಅವೆಲ್ಲ ಮಾರುವ ಹೊತ್ತಿಗೆ ಎಲ್ಲಿ ಮಾಯವಾಗುತ್ತವೆ? ಮಾರಾಟಕ್ಕೆ ನಿಂತವೆಲ್ಲ ಒಣ ಹೊಲದ ಗಾಡಿಗಳೇ ಆಗಿಬಿಡುವುದು ಹೇಗೆ?

ಬೆಂಗಳೂರಿನಂಥ ಊರಲ್ಲಿ ಹಳೆ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೂ ಇಂಥದ್ದೇ ಒಂದು ಚಿಂತೆ ಇರುತ್ತದೆ. ಈ ಕಾರನ್ನು ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಒಯ್ದು ರೇಸಿಗೆ ಓಡಿಸಿದ್ದಾರಾ ಎಂದು ಬ್ರೇಕು, ಟೈರಿನ ಅಂಚು, ಕ್ಲಚ್ ಎಲ್ಲ ತಡಕಾಡುತ್ತಾರೆ. ಓಡಿದ ಕಿಲೋಮೀಟರ್ ಕಡಿಮೆ ಇದ್ದರೂ ರೇಸಿನಲ್ಲಿ ಓಡಿದ ಕಾರು ಬೇಗ ಸವೆದಿರುತ್ತದೆ ಎಂಬುದು ಅವರಿಗೆ ಗೊತ್ತು. ನಮ್ಮ ಕಡೆ ಆ ರೇಸ್ ಟ್ರ್ಯಾಕ್ ಅಂದರೆ ನೀರು ಕಟ್ಟಿದ ಭತ್ತದ ಗದ್ದೆ. ವ್ಯತ್ಯಾಸ ಒಂದೇ. ಸ್ಪೋರ್ಟ್ಸ್ ಕಾರು ಕೆಟ್ಟರೆ ಶ್ರೀಮಂತನ ಶೋಕಿ ಕೆಡುತ್ತದೆ. ಟ್ರ್ಯಾಕ್ಟರ್ ಕೆಟ್ಟರೆ ಮನೆಯವಳ ಬಂಗಾರ ಬ್ಯಾಂಕಿನಲ್ಲೇ ಉಳಿಯುತ್ತದೆ.

ಹಾಗಾಗಿ ನಮ್ಮ ವಾದ ಇಷ್ಟು: ಹಳೆ ಟ್ರ್ಯಾಕ್ಟರಿಗೆ ಬೆಲೆ ಕಟ್ಟಬೇಕಾದದ್ದು ಮಾಡೆಲ್ ವರ್ಷ ಮತ್ತು ಬಣ್ಣ ನೋಡಿ ಅಲ್ಲ, ಅದು ಎಲ್ಲಿ ದುಡಿದಿದೆ ಎಂಬುದನ್ನು ನೋಡಿ. ಮಾರುವವರು ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಕಾಗದದ ಮೇಲೆ ಬರೆದು ಕೊಡಬೇಕು.

ಕೆಸರು ಗಾಡಿಗೆ ಏನು ಮಾಡುತ್ತದೆ ಎಂದು ಸಿರುಗುಪ್ಪದ ಡ್ರೈವರುಗಳಿಗೆ ನಾವು ಹೇಳಬೇಕಿಲ್ಲ. ಕುರುಗೋಡು ಕಡೆಯ ಎರೆ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವ, ಮೊದಲ ಸಲ ಟ್ರ್ಯಾಕ್ಟರ್ ಕೊಳ್ಳುವ ಓದುಗರಿಗಾಗಿ ಸ್ವಲ್ಪ ಹೇಳುತ್ತೇವೆ. ಗದ್ದೆಗೆ ನೀರು ಕಟ್ಟಿ ರೋಟವೇಟರ್ ಹೊಡೆಯುವಾಗ ಎಂಜಿನ್ ಹೆಚ್ಚೂಕಡಿಮೆ ಪೂರ್ತಿ ಆಕ್ಸಿಲರೇಟರಿನಲ್ಲೇ ಗಂಟೆಗಟ್ಟಲೆ ಓಡುತ್ತದೆ. ಹಿಂದಿನ ಹಬ್ಬಿನ ತನಕ, ಕೆಲವು ಕಡೆ ಅದಕ್ಕೂ ಮೇಲೆ, ನೀರು ಕೆಸರು ನಿಂತಿರುತ್ತದೆ. ಹಳೇ ಭತ್ತದ ಹುಲ್ಲು ಆಕ್ಸಲ್ಲಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೀಲ್ ಹೋದಲ್ಲಿ ಆಯಿಲ್ ಹೊರಗೆ, ನೀರು ಒಳಗೆ. ಕೇಜ್ ವೀಲ್ ಹಾಕಿದರೆ ಚಕ್ರ ಅಗಲವಾಗಿ, ಆಕ್ಸಲ್ ಬೇರಿಂಗಿನ ಮೇಲೆ ಬೀಳುವ ಭಾರವೂ ಜಾಸ್ತಿ. ಬದುವಿನ ಹತ್ತಿರ ತಿರುಗಿಸುವಾಗಲೆಲ್ಲ ಕ್ಲಚ್, ಒಂದು ಕಡೆಯ ಬ್ರೇಕ್. ಎಕರೆಗೆ ಹತ್ತಾರು ಸಲ.

ಇದರ ಮೇಲೆ ಬಾಡಿಗೆ ಓಟ ಬೇರೆ. ಕಾಲುವೆಗೆ ನೀರು ಬಿಟ್ಟ ಮೇಲೆ ಎಲ್ಲರಿಗೂ ಒಂದೇ ವಾರದಲ್ಲಿ ನಾಟಿ ಆಗಬೇಕು. ಡ್ರೈವರ್ ಬದಲಾಗುತ್ತಾನೆ, ಗಾಡಿ ನಿಲ್ಲುವುದಿಲ್ಲ. ಆಯಿಲ್ ಬದಲಿಸುವ ದಿನ ಬಂದರೂ “ಈ ಹತ್ತು ಎಕರೆ ಮುಗೀಲಿ” ಅನ್ನುತ್ತಾರೆ.

ಇಂಥ ಗಾಡಿಯನ್ನು ಮಾರುವ ಮುಂಚೆ ತೊಳೆದು, ಬಣ್ಣ ಹೊಡೆದು, ಹೊಸ ಸೀಟ್ ಹಾಕಿ, ಸ್ಟಿಕ್ಕರ್ ಅಂಟಿಸಿ ನಿಲ್ಲಿಸುತ್ತಾರೆ. ಬಣ್ಣ ಹೊಡೆಯುವುದು ತಪ್ಪಲ್ಲ, ಮದುವೆಗೆ ಹೋಗುವಾಗ ನಾವೂ ಹೊಸ ಬಟ್ಟೆ ಹಾಕುತ್ತೇವೆ. ಬಣ್ಣ ಹೊಡೆಯುವವನ ಕೈ ಎಲ್ಲಿ ಹೋಗಿಲ್ಲ ಎಂದು ನೋಡುವುದು ಕೊಳ್ಳುವವನ ಕೆಲಸ. ಬ್ಯಾಟರಿ ಪೆಟ್ಟಿಗೆಯ ಕೆಳಗೆ, ಕಾಲಿಡುವ ತಗಡಿನ ಅಡಿಗೆ, ಹಿಂದಿನ ಮಡ್ಗಾರ್ಡಿನ ಒಳಬದಿಗೆ, ರೇಡಿಯೇಟರಿನ ಕೆಳಸಾಲಿನ ಸಂದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಗದ್ದೆಯ ಮೆಕ್ಕಲು ಒಣಗಿದರೆ ಸಿಮೆಂಟಿನ ಹಾಗೆ ಕಚ್ಚಿಕೊಂಡಿರುತ್ತದೆ. ಒಣ ಹೊಲದ ಧೂಳು ಊದಿದರೆ ಹಾರುತ್ತದೆ, ಇದು ಉಗುರಿನಲ್ಲಿ ಕೆರೆದರೂ ಸುಲಭಕ್ಕೆ ಬರುವುದಿಲ್ಲ. ಅದರ ಜೊತೆ ಒಂದೇ ಎತ್ತರಕ್ಕೆ ಗೆರೆ ಎಳೆದಂತೆ ತುಕ್ಕು ಇದ್ದರೆ, ನೀರು ಎಲ್ಲಿಯವರೆಗೆ ನಿಂತಿತ್ತೆಂದು ಗಾಡಿಯೇ ಹೇಳಿದಂತೆ.

ಇನ್ನು ಟೈರು. ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. “ನೋಡ್ರೀ ಯಜಮಾನ್ರ, ಏಳು ವರ್ಷದ ಗಾಡಿ, ಟೈರು ಇನ್ನೂ ಮುಕ್ಕಾಲು ಪಾಲು ಹಂಗೇ ಐತಿ” ಎಂದರೆ ಖುಷಿಪಡುವ ಬದಲು ಒಂದು ಕ್ಷಣ ಯೋಚಿಸಿ. ಫುಲ್ ಕೇಜ್ ವೀಲ್ ಹಾಕುವವರು ರಬ್ಬರ್ ಟೈರನ್ನು ಬಿಚ್ಚಿ ಮನೆಯಲ್ಲಿಟ್ಟು ಗದ್ದೆಗೆ ಇಳಿಯುತ್ತಾರೆ. ಗಾಡಿ ದುಡಿದದ್ದು ಕಬ್ಬಿಣದ ಚಕ್ರದ ಮೇಲೆ, ಟೈರು ನೆರಳಲ್ಲಿ ಮಲಗಿತ್ತು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಒತ್ತಿರುತ್ತಾರೆ. 3517 ಅಂತ ಇದ್ದರೆ 2017ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಟೈರು ಗಾಡಿಯಷ್ಟೇ ಹಳೆಯದು, ಸವೆದಿಲ್ಲ, ಆದರೆ ಕ್ಲಚ್ ಪೆಡಲಿನ ಗೆರೆಗಳು ನುಣ್ಣಗಾಗಿವೆ ಎಂದರೆ ಆ ಲೆಕ್ಕ ಕೂಡುವುದಿಲ್ಲ. ಎರಡು ಬ್ರೇಕ್ ಪೆಡಲುಗಳನ್ನೂ ಹೋಲಿಸಿ ನೋಡಿ. ಒಂದು ಹೊಸದರ ಹಾಗೆ, ಇನ್ನೊಂದು ಸವೆದದ್ದು ಇದ್ದರೆ ಗದ್ದೆಯಲ್ಲಿ ಒಂದೇ ಕಡೆ ತಿರುಗಿ ತಿರುಗಿ ದುಡಿದಿರಬಹುದು.

ಟೈರಿನ ಪಕ್ಕಕ್ಕೇ ಸೇರಿಸಿ ಹಾಕುವ ಹಾಫ್ ಕೇಜ್ ವೀಲ್ ಆಗಿದ್ದರೆ ಗುರುತು ರಿಮ್ಮಿನ ಮೇಲೆ ಇರುತ್ತದೆ. ಕೊಂಡಿ ಸಿಕ್ಕಿಸಿದಲ್ಲಿ ಅಂಚು ತಿಂದಿರುತ್ತದೆ, ಬೋಲ್ಟು ಪದೇಪದೇ ಬಿಚ್ಚಿ ಹಾಕಿದ್ದರಿಂದ ಮೂಲೆಗಳು ದುಂಡಗಾಗಿರುತ್ತವೆ. ಹೊಸ ಬೋಲ್ಟ್ ಹಾಕಿದ್ದರೆ, ಯಾಕೆ ಹಾಕಿದಿರಿ ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಬರಲು ಹಿಡಿದ ಹೊತ್ತು ಮುಖ್ಯ.

ಗೇರ್ ಬಾಕ್ಸಿನ ಆಯಿಲ್ ಕಡ್ಡಿ ಎಳೆದು ನೋಡುವುದನ್ನು ಮರೆಯಬೇಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ. ತೀರಾ ಹೊಸ ಆಯಿಲ್ ಇದ್ದರೂ ಅನುಮಾನವೇ, ಮಾರುವ ಹಿಂದಿನ ದಿನ ಸುಮ್ಮನೆ ಯಾರೂ ಗೇರ್ ಆಯಿಲ್ ಬದಲಿಸುವುದಿಲ್ಲ. ಕ್ಲಚ್ ಮನೆಯ ಕೆಳಗೆ ಸಣ್ಣದೊಂದು ತೂತು ಇರುತ್ತದೆ, ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿದೆಯಾ, ಕೆಸರು ಮೆತ್ತಿದೆಯಾ ನೋಡಿ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಜೋಡಿಸಿದ ಬೋಲ್ಟುಗಳ ಮೇಲೆ ಪಾನಾದ ಗುರುತು ಇದ್ದರೆ ಗಾಡಿಯನ್ನು ನಡುವೆ ಬೇರ್ಪಡಿಸಿ ಕ್ಲಚ್ ಕೆಲಸ ಮಾಡಿಸಿದ್ದಾರೆ. ಮಾಡಿಸಿದ್ದು ಒಳ್ಳೆಯದೇ. ಮಾಡಿಸಿಯೂ “ಪಾನಾ ಮುಟ್ಟಿಲ್ಲ” ಅನ್ನುವುದು ಒಳ್ಳೆಯದಲ್ಲ.

ಉಳಿದ ಪರೀಕ್ಷೆಗಳನ್ನು ನಿಮ್ಮ ಮೆಕ್ಯಾನಿಕ್ ಮಾಡುತ್ತಾನೆ. ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟು ಮೇಲೆ ಕೆಳಗೆ ಅಲ್ಲಾಡಿಸುವುದು, ಪಿಟಿಒ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಹಲ್ಲು ಎಷ್ಟು ಸವೆದಿದೆ ನೋಡುವುದು, ರೋಟವೇಟರ್ ಎತ್ತಿ ಎಂಜಿನ್ ಬಂದ್ ಮಾಡಿ ಅರ್ಧ ಗಂಟೆ ಬಿಟ್ಟು ಎಷ್ಟು ಇಳಿಯಿತು ಅಳೆಯುವುದು, ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ಎಷ್ಟು ಹೊಗೆ ಉಸಿರಾಡುತ್ತದೆ ನೋಡುವುದು. ಒಂದು ವಿಷಯ ಮಾತ್ರ ನೀವೇ ನೋಡಿಕೊಳ್ಳಬೇಕು. ಬೆಳಿಗ್ಗೆ ಬೇಗ, ಅವರು ಸ್ಟಾರ್ಟ್ ಮಾಡುವ ಮುಂಚೆ ಹೋಗಿ ಎಂಜಿನ್ ಮುಟ್ಟಿ. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಅದು ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದನ್ನು ನಿಮಗೆ ತೋರಿಸಲು ಯಾರಿಗೋ ಇಷ್ಟವಿಲ್ಲ.

ಗಂಟೆ ಮೀಟರ್ ನಂಬಬಹುದಾ ಎಂದು ಹಲವರು ಕೇಳುತ್ತಾರೆ. ಹಳೆಯ ಮೆಕ್ಯಾನಿಕಲ್ ಮೀಟರು ಒಂದು ಕೇಬಲ್ಲಿನ ಮೇಲೆ ನಿಂತಿದೆ. ಕೇಬಲ್ ಬಿಚ್ಚಿದರೆ ಗಡಿಯಾರ ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಕೃಷಿ ಎಂಜಿನಿಯರುಗಳು ಖರ್ಚಿನ ಲೆಕ್ಕ ಹಾಕುವಾಗ ಟ್ರ್ಯಾಕ್ಟರಿನ ಆಯುಸ್ಸನ್ನು ಸಾಮಾನ್ಯವಾಗಿ 10 ವರ್ಷ, ವರ್ಷಕ್ಕೆ 1000 ಗಂಟೆ ಎಂದು ಹಿಡಿಯುತ್ತಾರೆ. ಬಾಡಿಗೆಗೆ ಓಡಿದ ಏಳೆಂಟು ವರ್ಷದ ಗಾಡಿಯ ಮೀಟರು 1800 ಗಂಟೆ ತೋರಿಸಿದರೆ ಅದನ್ನು ಓದಿ ನಕ್ಕು ಮುಂದೆ ಹೋಗಿ.

ನಂಬರ್ ಪ್ಲೇಟನ್ನು ಮಾತ್ರ ಓದಿ. ರಾಜ್ಯದೊಳಗೆ ಗಾಡಿ ಎಷ್ಟು ಕೈ ಬದಲಿಸಿದರೂ ಮೊದಲ ನೋಂದಣಿಯ ಸಂಖ್ಯೆ ಸಾಮಾನ್ಯವಾಗಿ ಅದೇ ಇರುತ್ತದೆ. ಕೆಎ 34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಈ ನಾಲ್ಕರಲ್ಲೂ ತುಂಗಭದ್ರೆಯ ನೀರು ಹರಿಯುವ ಭತ್ತದ ಸೀಮೆ ಇದೆ. ಕೆಎ 16 ಚಿತ್ರದುರ್ಗದ್ದೋ 26 ಗದಗಿನದ್ದೋ ಆದರೆ ಒಣ ಹೊಲದ ಸಾಧ್ಯತೆ ಸ್ವಲ್ಪ ಜಾಸ್ತಿ. ಇದು ಸಾಕ್ಷಿಯಲ್ಲ, ಸುಳಿವು ಮಾತ್ರ. ಆಂಧ್ರದ ಗಾಡಿಯಾದರೆ ಆದೋನಿ, ಕರ್ನೂಲು ಕಡೆಯ ಆರ್‌ಟಿಒದ ಎನ್‌ಒಸಿ ಇಲ್ಲದೆ ಮುಂಗಡ ಕೊಡಲೇಬೇಡಿ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಫೈನಾನ್ಸ್ ಕಂಪನಿ ಸಹಿ ಮಾಡಿದ ಫಾರಂ 35 ಕೇಳಿ. ಹೆಸರು ಬದಲಾವಣೆಯ ಕಾಗದಕ್ಕೆ ಆಮೇಲೆ ಸಹಿ ಹಾಕುತ್ತೇನೆ ಅನ್ನುವ ಮಾರಾಟಗಾರನಿಗೂ ಒಂದು ಮಾತು ತಿಳಿಸಿ. ಆರ್‌ಸಿಯಲ್ಲಿ ಅವನ ಹೆಸರು ಇರುವವರೆಗೆ ಅಪಘಾತವಾದರೆ ಕೋರ್ಟು ಅವನನ್ನೇ ಮಾಲೀಕ ಎಂದು ಕರೆಯುತ್ತದೆ.

ಕೆಸರು ಒಂದೇ ಅಲ್ಲ, ಇನ್ನೂ ಎರಡು ಬಗೆಯ ದುಡಿತವಿದೆ. ಮರಳು, ಇಟ್ಟಿಗೆ, ಕಲ್ಲು ಹೊತ್ತು ರಸ್ತೆಯಲ್ಲೇ ಓಡಿದ ಗಾಡಿಯನ್ನು ಗುರುತಿಸುವುದು ಸುಲಭ. ಹಿಂದಿನ ಟೈರು ನಡುವೆ ಸಪಾಟಾಗಿರುತ್ತದೆ, ಟ್ರೇಲರ್ ಕೊಂಡಿಯ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಇನ್ನೊಂದು ಸ್ಪರ್ಧೆ. ಟ್ರೇಲರ್ ಕಟ್ಟಿ ರಿವರ್ಸ್ ಓಡಿಸುವ ಪಂದ್ಯ ಜಾತ್ರೆಗಳಲ್ಲಿ ನೋಡಿದ್ದೇವೆ, ಅದು ಡ್ರೈವರಿನ ಕೈಚಳಕ, ಅದರಿಂದ ಗಾಡಿಗೆ ದೊಡ್ಡ ಪೆಟ್ಟಿಲ್ಲ. ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವುದು, ಮುಂದಿನ ಚಕ್ರ ಎತ್ತಿ ನಿಲ್ಲಿಸುವುದು ಬೇರೆ ಮಾತು. ಪಂಜಾಬಿನ ಗುರುದಾಸಪುರ ಜಿಲ್ಲೆಯ ಒಂದು ಮೇಳದಲ್ಲಿ 2023ರ ಅಕ್ಟೋಬರಿನಲ್ಲಿ ಇಂಥ ಸ್ಟಂಟ್ ಮಾಡುತ್ತಿದ್ದ ಯುವಕ ತನ್ನದೇ ಟ್ರ್ಯಾಕ್ಟರಿನ ಅಡಿಗೆ ಸಿಕ್ಕು ಸತ್ತ ಮೇಲೆ ಅಲ್ಲಿನ ಸರ್ಕಾರ ಟ್ರ್ಯಾಕ್ಟರ್ ಸ್ಟಂಟುಗಳನ್ನೇ ನಿಷೇಧಿಸಿತು. ಆ ವಿಡಿಯೋಗಳನ್ನು ನೋಡಿ ಇಲ್ಲಿಯೂ ಹುಡುಗರು ಉಮೇದು ತೋರಿಸುತ್ತಾರೆ. ಅಂಥ ಗಾಡಿಯ ಡೀಸೆಲ್ ಪಂಪ್ ನೋಡಿ. ಕಂಪನಿ ಹಾಕಿದ ಸೀಲ್ ಒಡೆದಿದ್ದರೆ ಯಾರೋ ಹೆಚ್ಚು ಡೀಸೆಲ್ ಹೋಗುವಂತೆ ಸ್ಕ್ರೂ ತಿರುಗಿಸಿರಬಹುದು. ಮುಂದಿನ ಆಕ್ಸಲ್ ಕೂತಿರುವ ಜಾಗದಲ್ಲಿ, ಹಿಂದಿನ ಕೊಂಡಿಯ ಬುಡದಲ್ಲಿ ವೆಲ್ಡಿಂಗ್ ಇದೆಯಾ ನೋಡಿ. ಇದ್ದರೆ ಚೌಕಾಸಿ ಮಾಡುವ ಅಗತ್ಯವೇ ಇಲ್ಲ, ಚಹಾ ಕುಡಿದು ಎದ್ದು ಬನ್ನಿ.

ಇಷ್ಟೆಲ್ಲ ಹೇಳಿದ ಮೇಲೆ, ಕೆಸರಿಗಿಳಿದ ಗಾಡಿ ಕೊಳ್ಳಲೇಬಾರದಾ? ಹಾಗೆ ನಾವು ಹೇಳುವುದಿಲ್ಲ. ಸಿರುಗುಪ್ಪದಲ್ಲಿ ಗದ್ದೆ ಮುಗಿದ ದಿನವೇ ಹಬ್ಬು ಬಿಚ್ಚಿಸಿ, ಸೀಲ್ ಬದಲಿಸಿ, ಗ್ರೀಸ್ ತುಂಬಿ ನಿಲ್ಲಿಸುವ ರೈತರಿದ್ದಾರೆ. ಅವರ ಹತ್ತು ವರ್ಷದ ಗಾಡಿ, ಕಾಳಜಿ ಇಲ್ಲದವನ ಐದು ವರ್ಷದ ಒಣ ಹೊಲದ ಗಾಡಿಗಿಂತ ಮೇಲು. ಭತ್ತ ಬೆಳೆಯುವವನು ಟ್ರ್ಯಾಕ್ಟರನ್ನು ಗದ್ದೆಗಿಳಿಸದೆ ಏನು ಮಾಡಬೇಕು? ನಮ್ಮ ತಕರಾರು ಕೆಸರಿನ ಮೇಲಲ್ಲ, ಮುಚ್ಚಿಡುವುದರ ಮೇಲೆ. ಗದ್ದೆಯ ಗಾಡಿ ಗದ್ದೆಯ ಬೆಲೆಗೆ ಮಾರಲಿ.

ಈ ಜಿಲ್ಲೆಗೆ ಇದು ಹೊಸ ಪಾಠವೂ ಅಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಸಾಗಿಸುತ್ತಿದ್ದ ಲಾರಿ, ಟಿಪ್ಪರುಗಳು ಸಾಲುಗಟ್ಟಿ ನಿಂತವು. ಕಂತು ಕಟ್ಟಲಾಗದವರು ಸಿಕ್ಕ ಬೆಲೆಗೆ ಮಾರಿದರು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರಿಗೆ ಅದರ ಜೊತೆ ಮಿತಿಮೀರಿ ಹೇರಿದ ಭಾರದ ಚರಿತ್ರೆಯೂ ಬಂತು. ಮೈಮೇಲಿನ ಕೆಂಪು ಧೂಳು ತೊಳೆದರೆ ಹೋಗುತ್ತದೆ, ಸ್ಪ್ರಿಂಗ್ ಪಟ್ಟಿಗಳ ನಡುವೆ ಕೂತದ್ದು ಹೋಗುವುದಿಲ್ಲ. ನೀರು ಕೈಕೊಟ್ಟಾಗ ಟ್ರ್ಯಾಕ್ಟರಿಗೂ ಇದೇ ಗತಿ. 2023ರ ಬರ ನೋಡಿದೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ಭಾಗದ ಭತ್ತದ ರೈತನ ಎದೆ ಹೇಗೆ ಹೊಡೆದುಕೊಂಡಿತು ಎಂಬುದೂ ನೆನಪಿದೆ. ಒಂದು ಬೆಳೆ ತಪ್ಪಿದರೆ ಕಂತು ತಪ್ಪುತ್ತದೆ, ಕಂತು ತಪ್ಪಿದರೆ ಗಾಡಿ ಮಾರಾಟಕ್ಕೆ ಬರುತ್ತದೆ. ಮಾರುವವನೂ ಕಷ್ಟದಲ್ಲಿರುವ ರೈತ, ಕೊಳ್ಳುವವನೂ ರೈತ. ನಡುವೆ ಸುಳ್ಳು ಹೇಳಿ ಎರಡೂ ಕಡೆ ಕಮಿಷನ್ ತಿನ್ನುವವನು ಮಾತ್ರ ಬೇರೆ.

ಬೆಲೆಯ ವಿಷಯದಲ್ಲಿ ಈಗ ಕೊಳ್ಳುವವರ ಕೈ ಸ್ವಲ್ಪ ಮೇಲಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಟ್ರ್ಯಾಕ್ಟರ್ ಟೈರಿನದ್ದು ಶೇ 18ರಿಂದ ಶೇ 5ಕ್ಕೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆ ಹಿಂದಿನ ವರ್ಷದಷ್ಟೇ ಇರಲು ಕಾರಣವಿಲ್ಲ. “ಹೋದ ವರ್ಷ ಇಂಥದ್ದೇ ಗಾಡಿ ಇಷ್ಟಕ್ಕೆ ಹೋಗೇತಿ” ಎಂದರೆ ಈ ಲೆಕ್ಕ ತೆಗೆಯಿರಿ.

ಕಾನೂನು ಏನು ಹೇಳುತ್ತದೆ? ಊರಿನವನೊಬ್ಬ ತನ್ನ ಗಾಡಿಯನ್ನು ಇನ್ನೊಬ್ಬನಿಗೆ ಒಂದು ಸಲ ಮಾರಿದರೆ ಗ್ರಾಹಕ ಕಾನೂನು ಹಿಡಿದು ಹೋಗುವುದು ಕಷ್ಟ. ಆದರೆ ಹಳೆ ಟ್ರ್ಯಾಕ್ಟರ್ ಮಾರುವುದೇ ವ್ಯಾಪಾರವಾಗಿರುವ ಅಂಗಡಿಯಿಂದ ಕೊಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಕಡೆ ಇದೆ. ತಾನೇ ದುಡಿದು ಬದುಕಲು ಕೊಂಡ ಟ್ರ್ಯಾಕ್ಟರನ್ನು ಅದು ವ್ಯಾಪಾರಕ್ಕೆ ಕೊಂಡದ್ದು ಎಂದು ತಳ್ಳಿಹಾಕುವುದಿಲ್ಲ. ಎರಡು ವರ್ಷದೊಳಗೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತೊಡಕು ಒಂದೇ: ಅಲ್ಲಿ ಹೋಗಿ ತೋರಿಸಲು ಏನಿದೆ? ಬಾಯಿಮಾತು ಫೈಲಿಗೆ ಅಂಟುವುದಿಲ್ಲ. ಅಂಗಡಿಯ ರಸೀದಿಯಲ್ಲಿ ಇಂಥ ಗಾಡಿ, ಇಂಥ ನಂಬರ್, ಇಷ್ಟು ರೂಪಾಯಿ, “ಇದ್ದದ್ದು ಇದ್ದ ಹಾಗೆ ಮಾರಿದೆ” ಎಂದಷ್ಟೇ ಬರೆದಿದ್ದರೆ ವಕೀಲರಾದರೂ ಏನು ಮಾಡಿಯಾರು?

ಅದಕ್ಕೇ ನಾವು ಹೇಳುವುದು, ಕರಾರು ಪತ್ರದಲ್ಲಿ ಎರಡು ಸಾಲು ಹೆಚ್ಚಿಗೆ ಬರೆಸಿ. ಬಳ್ಳಾರಿಯ ಹಳೆ ಟ್ರ್ಯಾಕ್ಟರ್ ವ್ಯಾಪಾರಿಗಳು ತಾವೇ ಇದನ್ನು ಶುರು ಮಾಡಿದರೆ ಇನ್ನೂ ಒಳ್ಳೆಯದು. ಗಾಡಿಯ ಮುಂದೆ ಮಾಡೆಲ್ ವರ್ಷದ ಬೋರ್ಡು ನೇತುಹಾಕುವವರಿಗೆ “ಗದ್ದೆ”, “ಒಣ ಹೊಲ”, “ಬಾಡಿಗೆ” ಎಂದು ಇನ್ನೊಂದು ಪದ ಬರೆಯುವುದು ದೊಡ್ಡ ಖರ್ಚಲ್ಲ. ಹಾಗೆ ಬರೆದರೆ ಗಾಡಿ ಹೋಗುವುದಿಲ್ಲ ಎಂದು ಅವರು ಹೇಳಬಹುದು. ಹೋಗುತ್ತದೆ, ಬೆಲೆ ಕಡಿಮೆಯಾಗಿ ಹೋಗುತ್ತದೆ. ಇಷ್ಟು ದಿನ ಆ ವ್ಯತ್ಯಾಸದ ಹಣವನ್ನು ಕುರುಗೋಡಿನ ಯಾವನೋ ಮೆಣಸಿನಕಾಯಿ ರೈತ ಮೆಕ್ಯಾನಿಕ್ ಅಂಗಡಿಯಲ್ಲಿ ಕಟ್ಟುತ್ತಿದ್ದ.

ಬರೆಸಬೇಕಾದ ಸಾಲು ಇದು, ಬೇಕಿದ್ದರೆ ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಿ: “ಈ ಟ್ರ್ಯಾಕ್ಟರನ್ನು ನನ್ನ ತಿಳಿವಳಿಕೆಯಂತೆ ಕೇಜ್ ವೀಲ್ ಹಾಕಿ ಭತ್ತದ ಗದ್ದೆಯಲ್ಲಿ ಬಳಸಲಾಗಿದೆ / ಬಳಸಿಲ್ಲ. ಬಾಡಿಗೆಗೆ ಓಡಿಸಲಾಗಿದೆ / ಓಡಿಸಿಲ್ಲ. ಎಂಜಿನ್, ಕ್ಲಚ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಇವುಗಳಲ್ಲಿ ಬಿಚ್ಚಿ ರಿಪೇರಿ ಮಾಡಿಸಿದ್ದು ಇಂಥದ್ದು.” ಅನ್ವಯಿಸದ್ದನ್ನು ಹೊಡೆದುಹಾಕಿ, ಕೆಳಗೆ ಮಾರುವವರ ಸಹಿ, ತಾರೀಖು, ಇಬ್ಬರು ಸಾಕ್ಷಿಗಳ ಸಹಿ. ಮುಂಗಡ ಆಮೇಲೆ.